ಖಾಲಿ ಬಂದ ಡಬ್ಬಿ

ನಮ್ಮ ಕಡೆ ಯಾರ ಮನೆಯ ಪಾತ್ರೆಯನ್ನೂ ಬರಿದಾಗಿ ವಾಪಸು ಕೊಡುವುದಿಲ್ಲ. ಏನೂ ಇಲ್ಲವೆಂದರೆ ಒಂದು ಹಿಡಿ ಅಕ್ಕಿಯನ್ನಾದರೂ ಹಾಕಿ ಕೊಡುತ್ತಾರೆ. ಸಾವಾದ ಮನೆಯವರು ಮಾತ್ರ ಸೂತಕ ಕಳೆಯುವ ತನಕ ತಿನ್ನುವ ಪದಾರ್ಥ ಹೊರಗೆ ಕಳಿಸುವುದಿಲ್ಲ. ಇದು ನನಗೆ ಚಿಕ್ಕಂದಿನಿಂದ ಗೊತ್ತು.

ಸಂತೇಬೆನ್ನೂರಿನಲ್ಲಿ ಹುಡುಗಿಯರಾಗಿದ್ದಾಗ ನಾನೂ ನನ್ನ ಗೆಳತಿಯೂ ಒಟ್ಟಿಗೆ ಅಡಿಕೆ ಸುಲಿಯಲು ಹೋಗುತ್ತಿದ್ದೆವು. ನಾನು ಬೆರಳು ಕೊಯ್ದುಕೊಂಡ ದಿನ ನನ್ನ ಪಾಲಿನದನ್ನೂ ಅವಳೇ ಸುಲಿದಳು, ಯಾರಿಗೂ ಹೇಳಲಿಲ್ಲ. ಮದುವೆಯಾಗಿ ನಾನು ನ್ಯಾಮತಿಗೆ ಬಂದೆ. ಅವಳು ಜಗಳೂರಿನ ಆಚೆಯ ಒಂದು ಹಳ್ಳಿಗೆ ಹೋದಳು. ಅವಳಿಗೆ ಓದು ಬರಹ ಬಾರದು. ಬರಬರುತ್ತ ಕಿವಿಯೂ ಹೋಯಿತು, ಫೋನಿನಲ್ಲಿ ಮಾತಾಡುವುದೂ ನಿಂತಿತು. ಕೊನೆಗೆ ನಮ್ಮ ನಡುವೆ ಉಳಿದದ್ದು ಒಂದು ಸ್ಟೀಲ್ ಡಬ್ಬಿ.

ಪ್ರತಿ ಪಂಚಮಿಗೆ ಅದರಲ್ಲಿ ಎಳ್ಳುಂಡೆ, ಶೇಂಗಾ ಉಂಡೆ ತುಂಬಿ ಹೊನ್ನಾಳಿ ಮೇಲೆ ದಾವಣಗೆರೆಗೆ ಹೋಗುವ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದೆ. ಆತ ಅದನ್ನು ಜಗಳೂರಿನ ಬಸ್ಸಿಗೆ ದಾಟಿಸುತ್ತಿದ್ದ. ಅವಳ ಮಗ ಇಳಿಸಿಕೊಂಡು, "ಚಿಗವ್ವಾ, ಡಬ್ಬಿ ಬಂತು" ಎಂದು ಫೋನು ಮಾಡುತ್ತಿದ್ದ. ವಾರದೊಳಗೆ ಅದೇ ದಾರಿಯಲ್ಲಿ ಡಬ್ಬಿ ತುಂಬಿ ಬರುತ್ತಿತ್ತು. ಒಮ್ಮೆ ನವಣೆ, ಒಮ್ಮೆ ಹುಣಸೆಹಣ್ಣು.

ಹೋದ ವರ್ಷ ಫೋನು ಬರಲಿಲ್ಲ. ಡಬ್ಬಿ ಬಂತು, ತೊಳೆದು ಒರೆಸಿದ ಖಾಲಿ ಡಬ್ಬಿ.

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಇಷ್ಟು ವರ್ಷದ ಗೆಳೆತನಕ್ಕೆ ಒಂದು ಹಿಡಿ ಕಾಳೂ ಭಾರವಾಯಿತೇ ಎಂದು ಉರಿದುಹೋದೆ. ನಾನಾಗಿ ಫೋನು ಮಾಡಬಾರದೆಂದು ಹಟ ಹಿಡಿದೆ. ಸೂತಕದ ನೆನಪು ಆಗಲೇ ಇಲ್ಲ. ಅವಳ ಮನೆಯಲ್ಲಿ ಸಾಯುವ ವಯಸ್ಸಿನವರು ಯಾರೂ ಇರಲಿಲ್ಲ.

ಈ ಪಂಚಮಿಗೆ ಉಂಡೆ ಕಟ್ಟುವಾಗ ಅಟ್ಟದ ಮೇಲಿದ್ದ ಡಬ್ಬಿ ಕಣ್ಣಿಗೆ ಬಿತ್ತು. ಅದು ಬಂದ ಹಾಗೇ ಖಾಲಿಯಾಗಿ ಅವಳ ಕೈಗೆ ಕೊಟ್ಟು ಎರಡು ಮಾತು ಅಂದು ಬರೋಣವೆಂದು ಬಸ್ ಹತ್ತಿದೆ. ದಾರಿಯುದ್ದಕ್ಕೂ ಆಡಬೇಕಾದ ಮಾತುಗಳನ್ನು ಜೋಡಿಸಿಕೊಳ್ಳುತ್ತಲೇ ಹೋದೆ.

ಬಾಗಿಲಲ್ಲಿ ಅವಳ ಸೊಸೆ ಸಿಕ್ಕಳು. ಹಣೆ ಬರಿದಾಗಿತ್ತು.

"ಬರ್ರಿ. ಅವ್ರು ಹೋಗಿ ವರ್ಷ ಆಗಾಕೆ ಬಂತು. ಮೋಟ್ರು ಹಾಕಾಕೆ ಹೋದಾಗ ಕರೆಂಟ್ ಹೊಡೀತು. ಪಂಚಮಿಗೆ ಇನ್ನೆರಡು ದಿನ ಇತ್ತು. ನಿಮ್ಮ ನಂಬರು ಅವ್ರ ಫೋನ್‌ನಾಗೆ ಇತ್ತು, ಅದೂ ಸುಟ್ಟು ಹೋತು."

ಗೆಳತಿ ಒಳಗೆ ಗೋಡೆಗೆ ಒರಗಿ ಕೂತಿದ್ದಳು. ಅರ್ಧ ಆಳಾಗಿದ್ದಳು. ನನ್ನನ್ನು ನೋಡಿ ಅಳಲಿಲ್ಲ, ಪಕ್ಕದಲ್ಲಿ ಜಾಗ ಮಾಡಿದಳು.

"ಉಂಡೆ ದನಕ್ಕೆ ಹಾಕಿದೆ ಕಣೇ. ಡಬ್ಬಿ ಖಾಲಿ ಕಳ್ಸಿದ್ರೆ ನಿಂಗೆ ತಿಳೀತೈತೆ, ಓಡಿ ಬರ್ತೀಯ ಅಂದ್ಕಂಡೆ. ಮೂರು ದಿನ ಬಸ್ಸಿನ ಹೊತ್ತಿಗೆ ಬಾಗ್ಲಾಗೆ ಕುಂತಿದ್ದೆ."

ಅವಳ ಕಿವಿಗೆ ಬಾಯಿ ಹಚ್ಚಿ, ತಪ್ಪು ತಿಳಿದುಕೊಂಡೆ, ಸಿಟ್ಟು ಮಾಡಿಕೊಂಡು ಕೂತಿದ್ದೆ ಎಂದು ಕೂಗಿ ಹೇಳಿದೆ. ಸೊಸೆ ಕೇಳಿಸಿಕೊಂಡು ತಲೆ ತಗ್ಗಿಸಿದಳು. ಇವಳು ಮಾತ್ರ ನನ್ನ ತುಟಿಯನ್ನೇ ನೋಡುತ್ತ, "ಏನಂದಿ?" ಎಂದಳು. ಮತ್ತೆ ಹೇಳಲು ನನಗೆ ಬಾಯಿ ಬರಲಿಲ್ಲ.

ನನ್ನ ಚೀಲದಿಂದ ಅವಳೇ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿ ನೋಡಿದಳು. ಅದನ್ನು ಮಡಿಲಲ್ಲಿ ಇಟ್ಟುಕೊಂಡು, ಅಂಗೈಯಿಂದ ನನ್ನ ಮುಖ ಸವರಿದಳು.

"ವರ್ಷ ತುಂಬೋ ತನಕ ಈ ಮನೆಯಾಗೆ ಸಿಹಿ ಇಲ್ಲ ಅಂತ ಖಾಲಿ ತಂದೀಯ. ನಿಂಗೆ ತಿಳಿದೇ ಇರ್ತೈತೆ ಅಂತ ನಂಗೆ ಗೊತ್ತಿತ್ತು."

ನಾನು ಹೌದೆಂದು ತಲೆಯಾಡಿಸಿದೆ.