ಕೆಂದೆತ್ತಿನ ಹೆಗಲಿನ ಹುಳ

ಇವತ್ತು ಸೀತಾಫಲದ ಎಲೆ ಉಜ್ಜಿ ಮೂಸಿದೆ. ಆ ಕಮಟಿಗೆ ಕಡೂರಿನ ನಮ್ಮ ಕೊಟ್ಟಿಗೆಯೇ ಎದುರಿಗೆ ಬಂತು.

ದನದ ಡಾಕ್ಟರು ಬೀರೂರಿನಿಂದ ಬರಬೇಕಿದ್ದ ಕಾಲ. ಅಜ್ಜಂಪುರದಿಂದ ತಂದಿದ್ದ ಕೆಂದೆತ್ತಿಗೆ ನೊಗ ಉಜ್ಜಿ ಹೆಗಲು ಹುಣ್ಣಾಗಿತ್ತು. ಗಬ್ಬು ನಾರುವ ಕೀವಿನಲ್ಲಿ ಅನ್ನದ ಅಗುಳಿನಂಥ ಹುಳಗಳು ಮಿಜಿಗುಡುತ್ತಿದ್ದವು. ಅಜ್ಜಿ ಈ ಎಲೆಯನ್ನೇ ಅರೆದು ಗಾಯಕ್ಕೆ ತುಂಬಿದಳು. ಹುಳಗಳು ಒಂದೊಂದಾಗಿ ತಲೆ ಹೊರಹಾಕಿದವು. ನಾನು ಮುಖ ತಿರುಗಿಸಿದೆ.

"ಲೇ, ದಿನಾ ದೆವ್ವದ್ ಕತೆ ಕೇಳೋನು ಹುಳ ನೋಡಿ ಹೆದರ್ತೀಯೇನೋ? ಒಂದ್ ಒಳಗುಳುದ್ರೂ ಎತ್ತು ಉಳಿಯಾಕಿಲ್ಲ ಕಣೋ, ತೆಗಿ!"

ಕಡ್ಡಿಯಿಂದ ಕೊನೆಯ ಹುಳವನ್ನೂ ಕಿತ್ತೆ. ಎತ್ತು ಉಳಿಯಿತು. ನನ್ನ ಹೊಟ್ಟೆಯಲ್ಲಿ ಮಧ್ಯಾಹ್ನದ ಊಟ ಉಳಿಯಲಿಲ್ಲ.

ಈಗ ಮಗಳು ಹಾಕುವ ದೆವ್ವದ ಸಿನಿಮಾಕ್ಕೆ ನನಗೆ ಆಕಳಿಕೆ ಬರುತ್ತದೆ. ಬಿಳಿ ಸೀರೆಗೆ ಬೆದರದ ಶೂರ, ಬಿಳಿ ಅನ್ನಕ್ಕೆ ಇಂದಿಗೂ ದೂರ. ನನ್ನ ತಟ್ಟೆಗೆ ಮುದ್ದೆಯೇ ಇರಲಿ.