ಗುಡುಗು ಮಾವನ ಫೋನು

ನಮ್ಮ ಕೆಳಗಿನ ಮನೆಯ ಒಂಟಿ ಹಿರಿಯರಿಗೆ ಬೀದಿಯವರೆಲ್ಲ ಸೇರಿ ಇಟ್ಟ ಹೆಸರು ಗುಡುಗು ಮಾವ. ಟಿವಿಯಲ್ಲಿ ಹವಾಮಾನ ವರದಿ ಶುರುವಾಯಿತೆಂದರೆ ಒಲೆಯ ಮೇಲೆ ಹಾಲು ಉಕ್ಕಿ ಹರಿದರೂ ಏಳುವವರಲ್ಲ. ವರದಿ ಮುಗಿದದ್ದೇ ತಡ, ಫೋನು ಕಿವಿಗೆ. “ಅಕ್ಕಾ, ನಾಳೆ ನಿಮ್ಮ ಕಡೆ ಗುಡುಗು, ಭಾರಿ ಮಳೆಯಂತೆ. ಬಟ್ಟೆ ಹೊರಗೆ ಒಣಗಹಾಕ್ಬೇಡ!” “ಏನೋ ಅಳಿಯಾ, ನಿಮ್ಮೂರಲ್ಲಿ ಕೆಂಡದಂಥ ಬಿಸಿಲಂತೆ. ಮಗೂನ ಆಡೋಕೆ ಬಿಡ್ಬೇಡ!” ದೇಶದ ಮೂಲೆಮೂಲೆಯಲ್ಲೂ ನೆಂಟರು, ಮೋಡ ಎಲ್ಲಿ ಕವಿದರೂ ಮಾವನಿಗೆ ಮಾತಾಡಲು ಒಂದು ನೆಪ. ಎಲ್ಲೆಡೆ ಒಣಹವೆ ಎಂದರೆ ಮಾತ್ರ ಮುಖ ಗಂಟಿಕ್ಕಿ, “ಈ ಇಲಾಖೆಯವರಿಗೆ ತಲೇನೂ ಗೊತ್ತಿಲ್ಲ, ಬುಡಾನೂ ಗೊತ್ತಿಲ್ಲ” ಎಂದು ಬೈದು ಟಿವಿ ಆರಿಸುತ್ತಾರೆ. ಮೊನ್ನೆ ಬಿರುಗಾಳಿ ನಮ್ಮ ಊರಿಗೇ ಎಂದು ವರದಿ ಬಂತು. ಅವತ್ತು ಮಾವ ಯಾರಿಗೂ ಫೋನು ಮಾಡಲಿಲ್ಲ. ಕಿಟಕಿಗಳ ಚಿಲಕ ಹಾಕಿ, ಫೋನನ್ನು ಪೂರ್ತಿ ಚಾರ್ಜು ಮಾಡಿ, ತೊಡೆಯ ಮೇಲಿಟ್ಟುಕೊಂಡು ಕೂತರು. ಮಳೆ ಹೊಯ್ದೇ ಹೊಯ್ದಿತು. ಮೆಟ್ಟಿಲು ಹತ್ತಿಳಿದಾಗಲೆಲ್ಲ ಕಿಟಕಿಯ ಗಾಜಿನಾಚೆ ಅವರು ಹಾಗೇ ಕೂತಿದ್ದನ್ನು ನೋಡಿ ತಡೆಯಲಾರದೆ, ಸಂಜೆ ನಾನೇ ಮೇಲಿನಿಂದ ಫೋನು ಮಾಡಿದೆ. ಮೊದಲ ರಿಂಗಿಗೇ ಎತ್ತಿದರು. ಯಾರೆಂದೂ ನೋಡದೆ, ಒಂದೇ ಉಸಿರಿಗೆ ಅಂದರು: “ಗಾಬರಿ ಆಗ್ಬೇಡ ಅಕ್ಕಾ, ನಾನು ಚೆನ್ನಾಗಿದೀನಿ!”