ಹೊಂಡದ ಅರ್ಜಿ

ಸವಣೂರಿನ ನಮ್ಮ ಓಣಿಯಲ್ಲಿ ಯಾರಿಗೆ ಏನು ಬರೆಸಬೇಕಾದರೂ ನಮ್ಮ ಮನೆ ಕಟ್ಟೆಗೇ ಬರುತ್ತಿದ್ದರು. ಕನ್ನಡ ಶಾಲೆಯಲ್ಲಿ ಜೀವನವೆಲ್ಲ ಕಲಿಸಿ ನಿವೃತ್ತಳಾದವಳು ನಾನು. ರೇಶನ್ ಕಾರ್ಡು, ನಳ, ವಿಧವಾ ಪಗಾರ, ಎಲ್ಲದರ ಅರ್ಜಿಯೂ ನನ್ನ ಕೈಯಿಂದಲೇ ಹೋಗಬೇಕು. "ಅಕ್ಕಾರು ಬರದ್ರ ಕೆಲಸ ಆದಂಗ" ಎಂಬ ಮಾತು ಕೇಳಿ ಕೇಳಿ ನನಗೂ ಸ್ವಲ್ಪ ಕೊಬ್ಬು ಬಂದಿತ್ತು, ಸುಳ್ಳೇಕೆ ಹೇಳಲಿ. ಸಿಟ್ಟಂತೂ ಹುಟ್ಟಿದಾಗಿನಿಂದ ಮೂಗಿನ ತುದಿಯಲ್ಲೇ ಇದೆ.

ನಮ್ಮ ಹಿತ್ತಲ ಆಚೆಗೇ ಓಣಿಯ ಹೊಂಡ. ಒಂದು ಮಳೆಗಾಲದಲ್ಲಿ ಓಣಿಯ ಹುಡುಗರು ಎಲ್ಲಿಂದಲೋ ಮೀನುಮರಿ ತಂದು ಅದರಲ್ಲಿ ಬಿಟ್ಟರು. ಮೀನು ದೊಡ್ಡವಾದವು. ಸಂಜೆಯಾದರೆ ಹೆಂಗಸರು, ಮಕ್ಕಳು ದಂಡೆಗೆ ಕೂತು ಮಂಡಕ್ಕಿ ಎಸೆಯುವುದು, ಮೀನು ಬಾಯಿ ತೆರೆದು ಮೇಲೆ ಬರುವುದು, ಅದೇ ನಮಗೆಲ್ಲ ಒಂದು ಸಂಭ್ರಮ. ಅದೇ ಹೊಂಡದಲ್ಲಿ ಏಳು ಬಾತುಕೋಳಿ ಈಜಾಡುತ್ತಿದ್ದವು. ಅವು ಖಾಲಾನವು.

ಖಾಲಾ ಎಂದರೆ ಹೊಂಡದ ಆ ಬದಿಯ ಒಂದು ಕೋಣೆಯ ಮನೆಯ ಮುದುಕಿ. ಓಣಿಗೆಲ್ಲ ಆಕೆ ಖಾಲಾ, ಅಂದರೆ ಚಿಕ್ಕಮ್ಮ. ಮಕ್ಕಳಾಗಲಿಲ್ಲ. ಗಂಡ ತೀರಿಕೊಂಡ ವರ್ಷ ಸಂತೆಯಿಂದ ಒಂದು ಜೋಡಿ ಬಾತು ತಂದು ಸಾಕಿದಳು, ಅವೇ ಏಳಾದವು. ಬೆಳಿಗ್ಗೆ ಅವನ್ನು ನೀರಿಗೆ ಬಿಟ್ಟು ಚಹಾ ಕುಡಿಯುತ್ತ ಬಾಗಿಲಲ್ಲಿ ಕೂರುವಳು. ಅವುಗಳ ಜೊತೆ ಉರ್ದುವಿನಲ್ಲಿ ಮಾತು, ನಮ್ಮ ಜೊತೆ ಕನ್ನಡದಲ್ಲಿ. ಯಾರ ಮನೆಯ ಕೂಸಿಗೆ ಕೆಮ್ಮಾದರೂ ಎರಡು ಮೊಟ್ಟೆ ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ ಕೊಟ್ಟು ಬರುತ್ತಿದ್ದಳು.

ನನಗೆ ಮಾತ್ರ ಆ ಬಾತುಗಳನ್ನು ಕಂಡರೆ ಆಗುತ್ತಿರಲಿಲ್ಲ. ತೊಳೆದ ಮೆಟ್ಟಿಲ ಮೇಲೆ ಹೊಲಸು ಮಾಡುವವು, ಹಿತ್ತಲಿಗೆ ನುಗ್ಗಿ ಕೊತ್ತಂಬರಿ ಮೇಯುವವು. ಒಮ್ಮೆ ಪೊರಕೆ ಹಿಡಿದು ಅಟ್ಟಿಸಿಕೊಂಡು ಹೋಗಿ ನಾನೇ ಜಾರಿ ಬಿದ್ದೆ. ಖಾಲಾ ಓಡಿ ಬಂದು ಎಬ್ಬಿಸಿ, "ಅಕ್ಕಾರ, ಅವಕ್ಕ ಬುದ್ಧಿ ಇಲ್ರಿ, ನಿಮಗರ ಬ್ಯಾಡೇನ್ರಿ?" ಎಂದು ನಕ್ಕಳು. ನಾನು ನಗಲಿಲ್ಲ.

ಮರುಬೇಸಿಗೆ ನೀರು ಇಳಿಯಿತು, ಹಸಿರುಗಟ್ಟಿತು. ಒಂದು ಮುಂಜಾನೆ ನೋಡಿದರೆ ಮೀನುಗಳೆಲ್ಲ ಹೊಟ್ಟೆ ಮೇಲೆ ಮಾಡಿ ತೇಲುತ್ತಿವೆ. ಆ ನಾತಕ್ಕೆ ಎರಡು ದಿನ ಓಣಿಯಲ್ಲಿ ಯಾರಿಗೂ ಅನ್ನ ಸೇರಲಿಲ್ಲ. ನಮ್ಮ ಕಟ್ಟೆಯ ಮೇಲೆ ಜನ ಸೇರಿದರು. ಬಾತುಗಳ ಹೊಲಸಿನಿಂದಲೇ ನೀರು ಕೆಟ್ಟಿತು ಎಂದು ಒಬ್ಬರು ಅಂದದ್ದೇ ತಡ, ನಾನು ಪೆನ್ನು ಹಿಡಿದೆ. ಸುತ್ತಲಿನ ಎಲ್ಲ ಮನೆಗಳ ಬಚ್ಚಲ ನೀರು ಆ ಹೊಂಡಕ್ಕೇ ಹರಿಯುತ್ತಿತ್ತು, ನಮ್ಮ ಮನೆಯದೂ ಸೇರಿ. ಅದು ಆಗ ನೆನಪಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ನೆನಪಾಯಿತು, ಬರೆಯಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ, ಹೊಂಡದ ನೀರು ಸ್ವಚ್ಛ ಮಾಡಿಸಿರಿ, ಅದಕ್ಕಾಗಿ ಮೊದಲು ಬಾತುಕೋಳಿಗಳನ್ನು ಅಲ್ಲಿಂದ ತೆಗೆಸಿರಿ ಎಂದು ಪುರಸಭೆಗೆ ಬರೆದೆ.

ಮನೆಮನೆಗೆ ಹೋಗಿ ಸಹಿ ಹಾಕಿಸಿದೆವು. ಖಾಲಾನ ಮನೆ ಬಿಟ್ಟು ಮುಂದೆ ಹೋಗುತ್ತಿದ್ದಾಗ ಆಕೆಯೇ ಕರೆದಳು. "ಏನ ಬರದೀರಿ ಅಕ್ಕಾರ?"

"ಹೊಂಡದ ನೀರು ಸ್ವಚ್ಛ ಮಾಡಸ್ರಿ ಅಂತ ಬರದೇನಿ, ಖಾಲಾ."

"ಚೊಲೋ ಆತು ಬಿಡ್ರಿ. ನಂದೂ ಒಂದು ಹೆಬ್ಬಟ್ಟು ಇರಲಿ. ನೀರಿನ ಕೆಲಸ ಪುಣ್ಯದ್ದು."

ಬೇಡ ಅನ್ನಬಹುದಿತ್ತು. ಜೊತೆಗಿದ್ದವರು ನೆಲ ನೋಡುತ್ತ ನಿಂತರು. ನಾನೇ ಮಸಿ ಡಬ್ಬಿ ತೆರೆದು ಮುಂದೆ ಹಿಡಿದೆ. ಖಾಲಾ ಹೆಬ್ಬೆರಳು ಒತ್ತಿ, ಮಸಿಯನ್ನು ತಲೆಗೂದಲಿಗೆ ಒರೆಸಿಕೊಂಡು ಒಳಗೆ ಹೋದಳು. ಅವಳದೂ ಇದ್ದರೆ ಅರ್ಜಿಗೆ ತೂಕ ಬರುತ್ತದೆ ಎಂದು ಆ ಹೊತ್ತಿನಲ್ಲಿ ನನಗೆ ಅನ್ನಿಸಿತ್ತು. ಇವತ್ತಿಗೂ ಆ ನನ್ನ ಬುದ್ಧಿಗೆ ಬೆಂಕಿ ಹಚ್ಚಬೇಕು ಅನ್ನಿಸುತ್ತದೆ.

ವಾರ ಕಳೆದು ಪುರಸಭೆಯ ಆಫೀಸಿನಿಂದ ಇಬ್ಬರು ಬಲೆ, ಗೋಣಿಚೀಲ ಹಿಡಿದು ಬಂದರು. ಖಾಲಾ ಅಡ್ಡ ನಿಂತು, ಯಾರು ಹೇಳಿದರು, ಯಾಕೆ ಹೇಳಿದರು ಎಂದು ಕೂಗಾಡಿದಳು. ಅವರಲ್ಲೊಬ್ಬ ಕಾಗದ ತೆಗೆದು ತೋರಿಸಿ, "ನೋಡಬೇ, ನಿನ್ನ ಹೆಬ್ಬಟ್ಟೂ ಐತಲ್ಲ ಇದರಾಗ" ಎಂದ. ಆಕೆ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದಳು. ಆಮೇಲೆ ಹಿತ್ತಲ ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ನೋಡಿದಳು. ಬೈಯಲಿಲ್ಲ. "ಹೌದು, ನಂದ ಐತಿ" ಎಂದು ದಾರಿ ಬಿಟ್ಟಳು. ಏಳೂ ಬಾತುಗಳನ್ನು ಚೀಲಕ್ಕೆ ತುಂಬಿದರು. ಅವು ಬಂಕಾಪುರದ ಕಡೆ ಹೋದವು ಎಂದು ಒಬ್ಬರು, ಯಾರದೋ ಮನೆಯ ಒಲೆಗೆ ಹೋದವು ಎಂದು ಇನ್ನೊಬ್ಬರು ಹೇಳಿದರು. ವಿಚಾರಿಸುವ ಧೈರ್ಯ ನನಗಾಗಲಿಲ್ಲ.

ಖಾಲಾ ಜಗಳಕ್ಕೆ ಬಂದಿದ್ದರೆ ನನ್ನ ಎದೆ ಹಗುರಾಗುತ್ತಿತ್ತೇನೋ. ಎದುರಾದರೆ "ಆರಾಮ ಅದೀರೇನ್ರಿ?" ಎಂದೇ ಕೇಳುವಳು. ಆದರೆ ತನ್ನ ವಿಧವಾ ಪಗಾರದ ಕಾಗದ ಬರೆಸಲು ನನ್ನ ಹತ್ತಿರ ಬರಲಿಲ್ಲ. ಬಿಸಿಲಲ್ಲಿ ತಾಲೂಕು ಕಚೇರಿಯ ತನಕ ನಡೆದು ಅಲ್ಲಿ ಯಾರಿಂದಲೋ ಬರೆಸುತ್ತಿದ್ದಳು. ಬೆಳಿಗ್ಗೆ ಬಾಗಿಲಲ್ಲಿ ಕೂರುವುದನ್ನೂ ಬಿಟ್ಟಳು.

ಮಳೆಗಾಲಕ್ಕೆ ಹುಡುಗರು ಮತ್ತೆ ಮರಿ ಬಿಟ್ಟರು. ಬೇಸಿಗೆಗೆ ಅವೂ ಸತ್ತು ತೇಲಿದವು. ಈ ಸಲ ನೀರಿನಲ್ಲಿ ಒಂದೂ ಬಾತು ಇರಲಿಲ್ಲ, ನಮ್ಮ ಸೋಪಿನ ನೊರೆ ಮಾತ್ರ ಇತ್ತು. ಕಟ್ಟೆಯ ಮೇಲೆ ಯಾರೂ ಸೇರಲಿಲ್ಲ. ಗಾರೆಯವನನ್ನು ಕರೆಸಿ ನಾನು ನಮ್ಮ ಬಚ್ಚಲ ಪೈಪು ಮುಚ್ಚಿಸಿದೆ.

ಅದೇ ದಿನ ಸಂಜೆ ಖಾಲಾ ಬಂದಳು. ವರ್ಷದ ಮೇಲೆ ನಮ್ಮ ಕಟ್ಟೆ ಹತ್ತಿದ್ದಳು. "ಆ ಕಾಗದ ನಿಮ್ಮ ಕಡೆ ಐತೇನ್ರಿ ಅಕ್ಕಾರ? ಇದ್ರ ಒಂದ ಸಲ ಓದ್ರಿ" ಎಂದಳು. ಬರೆದ ಅರ್ಜಿಗಳದೆಲ್ಲ ಒಂದೊಂದು ಝೆರಾಕ್ಸ್ ನಾನು ಇಟ್ಟುಕೊಳ್ಳುತ್ತೇನೆ. ತಂದು ಮೊದಲಿನಿಂದ ಕೊನೆಯವರೆಗೆ ಓದಿದೆ. ಬಾತುಕೋಳಿಗಳ ಸಾಲನ್ನೂ ಬಿಡದೆ ಓದಿದೆ. ತಪ್ಪಾತು ಖಾಲಾ ಎಂದೆ. ಆಕೆ ಕಂಬಕ್ಕೆ ಒರಗಿ ಕೂತಳು.

"ನಾ ಬ್ಯಾಡ ಅಂತಿದ್ದಿಲ್ರಿ," ಎಂದಳು. "ಅಕ್ಕಿಆಲೂರಾಗ ನಮ್ಮ ತಂಗಿ ಅದಾಳ. ಮನಿ ಸುತ್ತೂ ಭತ್ತದ ಗದ್ದಿ, ಬೇಕಾದಷ್ಟು ನೀರು. ಅವನ್ನ ಬುಟ್ಟ್ಯಾಗ ಹಾಕ್ಕೊಂಡು, ಬಸ್ಸು ಹತ್ತಿ, ನಾನ ಬಿಟ್ಟು ಬರ್ತಿದ್ದೆ. ಆವತ್ತ ಹಿಂಗ ಓದಿದ್ರ ಸಾಕಾಗಿತ್ತು, ಅಕ್ಕಾರ."